ಸೀಸೆಯ ಸಾಸು, ಭರಣಿಯ ಚಟ್ನಿ

ಬ್ರೆಡ್ಡಿನ ಎರಡು ತುಂಡುಗಳ ನಡುವೆ ಏನನ್ನು ಸವರಬೇಕು ಎಂಬುದು ದೇಶದ ಮುಂದಿರುವ ಮಹಾ ಸಮಸ್ಯೆಗಳಲ್ಲಿ ಒಂದೆಂದು ನಾನು ಹೇಳಲಾರೆ. ಆದರೆ ಬೆಳಗಾದರೆ ಪಟ್ಟಣದ ಮನೆಮನೆಗಳಲ್ಲಿ ಮಕ್ಕಳ ಡಬ್ಬಿಗೂ ದೊಡ್ಡವರ ತಟ್ಟೆಗೂ ಇಳಿಯುತ್ತಿರುವ ತಿಂಡಿ ಸ್ಯಾಂಡ್‌ವಿಚ್ಚೇ ಆಗಿರುವಾಗ, ಅದರ ಹೊಟ್ಟೆಯೊಳಗಿನ ವಿಚಾರ ಎತ್ತಿದರೆ ತಪ್ಪಾಗಲಾರದು. ನನ್ನ ವಾದ ಇಷ್ಟೆ: ಆ ಎರಡು ತುಂಡುಗಳ ನಡುವೆ ಟೊಮೇಟೊ ಸಾಸು ಒಂದೇ ಏಕಚಕ್ರಾಧಿಪತ್ಯ ನಡೆಸುತ್ತಿರುವುದು ನಾಲಗೆಗೆ ಅನ್ಯಾಯ, ನಮ್ಮ ಅಡುಗೆಮನೆಯ ಭರಣಿಗಳಿಗೆ ಅವಮಾನ.

ಬ್ರೆಡ್ಡಿಗೆ ತನ್ನದೆಂಬ ಜೋರು ರುಚಿಯಿಲ್ಲ. ಇದು ದೂಷಣೆಯಲ್ಲ, ಅನ್ನಕ್ಕೂ ಇಲ್ಲ. ರುಚಿಯಿಲ್ಲದ್ದರಿಂದಲೇ ಅನ್ನ ಸಾರನ್ನೂ ಹುಳಿಯನ್ನೂ ಗೊಜ್ಜನ್ನೂ ಮಜ್ಜಿಗೆಯನ್ನೂ ಸಮನಾಗಿ ಆದರಿಸುತ್ತದೆ. ವರ್ಷವೆಲ್ಲ ಒಂದೇ ಸಾರನ್ನು ಬಡಿಸಿದರೆ ಯಾವ ಮನೆಯ ಯಜಮಾನನೂ ಸುಮ್ಮನಿರುವುದಿಲ್ಲ. ಅದೇ ಮನೆಯಲ್ಲಿ ಬ್ರೆಡ್ಡಿಗೆ ಮಾತ್ರ ವರ್ಷವೆಲ್ಲ ಒಂದೇ ಕೆಂಪು ಸೀಸೆ. ಅದನ್ನು ಯಾರೂ ಕೇಳುವುದಿಲ್ಲ.

ಈ ಸೀಸೆಯ ಪೂರ್ವೋತ್ತರವನ್ನು ಸ್ವಲ್ಪ ನೋಡಿ. ಕೆಚಪ್ ಎಂಬ ಹೆಸರು ಚೀನದ ದಕ್ಷಿಣ ತೀರದ ಮೀನಿನ ರಸವೊಂದರಿಂದ ಬಂದದ್ದೆಂದು ಬಲ್ಲವರು ಬಹುಮಟ್ಟಿಗೆ ಒಪ್ಪುತ್ತಾರೆ. ಅದರ ರುಚಿ ಹಿಡಿದ ಇಂಗ್ಲಿಷರು ತಮ್ಮ ಊರಿನಲ್ಲಿ ಅಣಬೆಯಿಂದಲೂ ಆಕ್ರೋಟಿನಿಂದಲೂ ಕೆಚಪ್ ಮಾಡಿದರು. ಟೊಮೇಟೊ ಬಂದದ್ದು ಬಹಳ ತಡವಾಗಿ: ಅಮೆರಿಕದ ಜೇಮ್ಸ್ ಮೀಸ್ ಎಂಬಾತ 1812ರಲ್ಲಿ ಅದರ ಪಾಕವನ್ನು ಅಚ್ಚು ಹಾಕಿಸಿದ, 1876ರಲ್ಲಿ ಹೈನ್ಜ್ ಕಂಪೆನಿ ಸೀಸೆಗೆ ತುಂಬಿ ಮಾರಲಾರಂಭಿಸಿತು. ಅಂದರೆ ಕೆಚಪ್ ಕೂಡ ಒಂದು ಕಾಲಕ್ಕೆ ನಮ್ಮ ಚಟ್ನಿಯಂತೆ ಹತ್ತಾರು ಬಗೆಯಾಗಿದ್ದು, ಕಾರ್ಖಾನೆಗೆ ಹೋದ ಮೇಲೆ ಏಕರೂಪವಾಯಿತು. ಬಹುವಿಧವಾಗಿದ್ದ ತನ್ನ ಮನೆಯನ್ನೇ ಬರಿದು ಮಾಡಿಕೊಂಡ ಈ ಅತಿಥಿ ಈಗ ನಮ್ಮ ಮನೆಗೂ ಬಂದು ಕುಳಿತಿದ್ದಾನೆ.

ಅವನ ಗುಣವನ್ನು ತಿಳಿಯಲು ಪಂಡಿತರೇ ಬೇಕಿಲ್ಲ. ನಿಮ್ಮ ಮನೆಯ ಸೀಸೆಯನ್ನೇ ತಿರುಗಿಸಿ, ಕನ್ನಡಕ ಹಾಕಿಕೊಂಡು, ಸಣ್ಣಕ್ಷರವನ್ನು ಓದಿ. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಆ ಪಟ್ಟಿಯಲ್ಲಿ ಸಕ್ಕರೆ ಎಷ್ಟು ಮೇಲಿನ ಪೀಠದಲ್ಲಿ ಕುಳಿತಿದೆಯೆಂಬುದನ್ನು ಕಂಡು, ಮಗುವಿಗೆ ತರಕಾರಿ ತಿನ್ನಿಸಿದೆವೆಂಬ ಸಮಾಧಾನ ಉಳಿಯುವುದಾದರೆ ಉಳಿಸಿಕೊಳ್ಳಿ.

ಬ್ರೆಡ್ಡಿಗೆ ಸವರುವ ವಸ್ತು ಕೆಲಸ ಮಾಡಬೇಕು. ಒಳಗಿನ ಸೌತೆಕಾಯಿಯ ನೀರು ಬ್ರೆಡ್ಡನ್ನು ಮುದ್ದೆ ಮಾಡದಂತೆ ಜಿಡ್ಡಿನ ತಡೆಯೊಂದು ಬೇಕು; ಆಲೂಗೆಡ್ಡೆಯ ಸಪ್ಪೆಯನ್ನು ಎಬ್ಬಿಸುವ ಹುಳಿ, ಖಾರ ಬೇಕು; ಹಲ್ಲಿಗೆ ಸಿಕ್ಕುವ ಗರಿಮುರಿ ಬೇಕು. ಸಾಸಿನಲ್ಲಿ ಹುಳಿ ಸಿಹಿಗಳೇನೋ ಉಂಟು, ಉಳಿದದ್ದಕ್ಕೆ ಸೊನ್ನೆ. ಮುಂಬಯಿಯ ಬೀದಿಯಲ್ಲಿ ಸ್ಯಾಂಡ್‌ವಿಚ್ ಮಾರುವವನನ್ನು ನೋಡಿ. ಅವನು ಮೊದಲು ಬ್ರೆಡ್ಡಿಗೆ ಅಂಚಿನವರೆಗೆ ಬೆಣ್ಣೆ ಬಳಿಯುತ್ತಾನೆ. ಅದರ ಮೇಲೆ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿಗಳ ಹಸಿರು ಚಟ್ನಿ. ಆಮೇಲೆ ಬೆಂದ ಆಲೂಗೆಡ್ಡೆ, ಸೌತೆಕಾಯಿ, ಈರುಳ್ಳಿ, ಬೀಟ್‌ರೂಟುಗಳ ಬಿಲ್ಲೆಗಳು, ಚಿಟಿಕೆ ಮಸಾಲೆ. ಕೇಳಿದವರಿಗೆ ಮೇಲೊಂದು ಹಿಡಿ ಸೇವು. ಚಟ್ನಿ ನೀರು ಬಿಡದಿರಲೆಂದು ರುಬ್ಬುವಾಗ ಹುರಿಗಡಲೆ ಸೇರಿಸುವುದುಂಟು. ಕಪ್ಪಾಗದಿರಲೆಂದು ನಿಂಬೆರಸ ಹಿಂಡುವುದುಂಟು. ಇದು ಬೀದಿಯ ತಿಂಡಿಯೆಂದು ಮೂಗು ಮುರಿಯುವವರು, ಇದರ ಹಿಂದಿನ ವಿವೇಚನೆಯಲ್ಲಿ ಅರ್ಧವನ್ನಾದರೂ ಮನೆಯಲ್ಲಿ ತೋರಿಸಲಿ.

ಮುಂಬಯಿಯವರೆಗೆ ಹೋಗಬೇಕಾದ್ದೂ ಇಲ್ಲ. ಹಾಸನದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಒಲೆ ಹೂಡಿದ ಅಯ್ಯಂಗಾರ್ ಬೇಕರಿಗಳವರು ಈ ಗುಟ್ಟನ್ನು ಎಂದೋ ಅರಿತರು. ಹಿಟ್ಟಿಗೇ ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ಖಾರದ ಬನ್ನು ಮಾಡಿದರು. ಈರುಳ್ಳಿ, ಕ್ಯಾರೆಟ್ಟಿನ ಮಸಾಲೆಯನ್ನು ಸುಟ್ಟ ಬ್ರೆಡ್ಡಿನ ಮೇಲೆ ಹರಡಿದರು. ಬನ್ನನ್ನು ಸೀಳಿ, ಬೆಣ್ಣೆ ಬಳಿದು, ಖಾರದ ಕಾಂಗ್ರೆಸ್ ಕಡಲೆಕಾಯಿಯನ್ನು ತುಂಬಿ ಕೊಡುವ ಬೇಕರಿಗಳೂ ಇವೆ. 1969ರಲ್ಲಿ ಆ ಪಕ್ಷ ಹೋಳಾದಂತೆ ಈ ಬೀಜವೂ ಹೋಳಾಗಿರುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ನಿಜವೋ ಸುಳ್ಳೋ, ಪಕ್ಷ ಒಡೆದುದರಿಂದ ಬಾಯಿಗೆ ಇಷ್ಟು ಹಿತವಾದದ್ದು ಮತ್ತೆ ಕಾಣೆ.

ಇನ್ನು ಉತ್ತರ ಕರ್ನಾಟಕದ ಮನೆಗಳ ಭಂಡಾರ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ. ಬೆಣ್ಣೆ ಬಳಿದ ಬ್ರೆಡ್ಡಿನ ಮೇಲೆ ಒಂದು ಚಮಚ ಶೇಂಗಾ ಹಿಂಡಿ ಉದುರಿಸಿ, ಎರಡು ಬಿಲ್ಲೆ ಸೌತೆಕಾಯಿ ಇಟ್ಟು ನೋಡಿ. ಮೆಣಸಿನಕಾಯಿಯ ಖಾರ ಕರಗುವುದು ನೀರಿನಲ್ಲಲ್ಲ, ಜಿಡ್ಡಿನಲ್ಲಿ. ಆದ್ದರಿಂದ ಬೆಣ್ಣೆಯ ಜೊತೆ ಅದು ಚುಚ್ಚುವುದನ್ನು ಬಿಟ್ಟು ಹರಡಿಕೊಳ್ಳುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಗುರೆಳ್ಳು ಹಿಂಡಿ ಕಲಸಿ ಸವರಿದರೆ ಅದರ ದಾರಿಯೇ ಬೇರೆ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ತಿಳಿಯದವಲ್ಲ. ಬೆಳಗಿನ ಅವಸರದಲ್ಲಿ ಚಟ್ನಿ ಅರೆಯುವವರು ಯಾರು ಎನ್ನುತ್ತಾರೆ. ಮನೆಯ ಹೆಂಗಸಿನ ಮೇಲೆ ಇನ್ನೊಂದು ಹೊರೆ ಹೇರುವುದು ನನ್ನ ಉದ್ದೇಶವಲ್ಲ. ಚಟ್ನಿಪುಡಿ ಒಮ್ಮೆ ಕುಟ್ಟಿಟ್ಟರೆ ವಾರಗಟ್ಟಲೆ ಇರುತ್ತದೆ. ಕುಟ್ಟಲು ಗಂಡಸರಿಗೂ ಕೈಗಳಿವೆ. ಅದೂ ಆಗದಿದ್ದರೆ ಅಂಗಡಿಯಲ್ಲಿ ಸಿಕ್ಕುತ್ತದೆ. ಸೀಸೆ ಅಲುಗಿಸಿ ತಳಕ್ಕೆ ತಟ್ಟುವಷ್ಟರಲ್ಲಿ ಪುಡಿ ಉದುರಿಸಿ ಮುಗಿದಿರುತ್ತದೆ. ಮಕ್ಕಳು ಖಾರ ತಿನ್ನುವುದಿಲ್ಲವೆಂದರೆ, ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಕೊಡುವ ಬ್ಯಾಡಗಿ ಮೆಣಸಿನಕಾಯಿ ಇರುವುದೇತಕ್ಕೆ?

ಬ್ರೆಡ್ಡೇ ಪರದೇಶಿ, ಅದಕ್ಕೆ ಸ್ವದೇಶಿ ಚಟ್ನಿಯ ಪೌರೋಹಿತ್ಯವೇಕೆ ಎನ್ನುವ ವಿನೋದಪ್ರಿಯರೂ ಇದ್ದಾರೆ. ಅವರಿಗೆ ನನ್ನ ಉತ್ತರ: ನಾನು ಜಾತಕ ನೋಡುತ್ತಿಲ್ಲ. ಟೊಮೇಟೊ, ಮೆಣಸಿನಕಾಯಿ, ಶೇಂಗಾ ಮೂರೂ ಅಮೆರಿಕದ ನೆಲದವು. ಕಡಲು ದಾಟಿ ಬಂದವು. ಮೆಣಸಿನಕಾಯನ್ನು ತಂದವರು ಪೋರ್ಚುಗೀಸರು. ಬಂದದ್ದನ್ನು ನಮ್ಮ ಅಜ್ಜಿಯಂದಿರು ಕುಟ್ಟಿ, ಹುರಿದು, ಬೆಳ್ಳುಳ್ಳಿ ಸೇರಿಸಿ ನಮ್ಮದು ಮಾಡಿಕೊಂಡರು. ಬೇರೆಯವರಿಂದ ತರುವುದು ತಪ್ಪಲ್ಲ. ತಂದದ್ದಕ್ಕೆ ನಮ್ಮ ಕೈಯ ಗುಣ ಸೇರಿಸದೆ ಹಾಗೆಯೇ ನುಂಗುವುದು ಸೋಮಾರಿತನ.

ನಿಜವಾದ ಕಾರಣ ಸೋಮಾರಿತನವೂ ಅಲ್ಲ, ನಾಚಿಕೆ. ನನ್ನ ಮೊಮ್ಮಗಳು ಮೊನ್ನೆ, “ತಾತ, ಚಟ್ನಿಪುಡಿ ಬೇಡ. ಡಬ್ಬಿ ತೆಗೆದರೆ ವಾಸನೆ ಅಂತಾರೆ. ಸಾಸ್ ಆದರೆ ಯಾರೂ ಏನೂ ಅನ್ನೊಲ್ಲ” ಎಂದಳು. ಒಂಬತ್ತು ವರ್ಷದ ಮಗು. ಇಂಗಿನ ಒಗ್ಗರಣೆ, ಹುರಿದ ಕೊಬ್ಬರಿ, ಬೆಳ್ಳುಳ್ಳಿ—ಈ ಪರಿಮಳಕ್ಕೆ ಅವಳ ತರಗತಿಯಲ್ಲಿ ‘ವಾಸನೆ’ ಎಂದು ಹೆಸರಿಟ್ಟವರು ಮಕ್ಕಳಲ್ಲ. ಮನೆಯಲ್ಲಿ ದೊಡ್ಡವರು ಆಡಿದ್ದನ್ನು ಮಕ್ಕಳು ಒಪ್ಪಿಸಿದರು. ಇಂಗ್ಲಿಷರಿಗಾದರೋ ಈ ನಾಚಿಕೆಯಿರಲಿಲ್ಲ. ಚಟ್ನಿ ಎಂಬ ನಮ್ಮ ಮಾತನ್ನು ಅವರು ತಮ್ಮ ನಿಘಂಟಿಗೆ ಸೇರಿಸಿಕೊಂಡರು. ಮಾವಿನಕಾಯಿ ಚಟ್ನಿಯನ್ನು ಚೀಸಿನ ಜೊತೆ ಬ್ರೆಡ್ಡಿಗೆ ಹಚ್ಚಿಕೊಂಡರು. 1837ರಿಂದ ಮಾರಾಟದಲ್ಲಿರುವ ಅವರ ಹೆಸರಾಂತ ವೂಸ್ಟರ್ ಸಾಸಿನೊಳಗೆ ಹುಣಿಸೆಹಣ್ಣಿದೆ. ಅವರು ನಮ್ಮ ಹುಣಿಸೆಯನ್ನು ಸೀಸೆಯಲ್ಲಿ ತುಂಬಿ ಮೆರೆಸಿದರು. ನಾವು ಭರಣಿಯನ್ನು ಅಟ್ಟದ ಮೇಲಿಟ್ಟು ಮರೆಸುತ್ತಿದ್ದೇವೆ.

ಸೀಸೆಯನ್ನು ಬೀದಿಗೆಸೆಯಿರಿ ಎಂದು ನಾನು ಹೇಳುವುದಿಲ್ಲ. ಅದೂ ಒಂದು ಮೂಲೆಯಲ್ಲಿರಲಿ. ಆದರೆ ವಾರಕ್ಕೆ ನಾಲ್ಕು ದಿನವಾದರೂ ಭರಣಿಯ ಮುಚ್ಚಳ ತೆರೆಯಲಿ. ನಾಲಗೆ ಒಮ್ಮೆ ಮರೆತ ರುಚಿಯನ್ನು ಯಾವ ಪಾಠಶಾಲೆಯೂ ಮತ್ತೆ ಕಲಿಸಲಾರದು.