ಏಪ್ರಿಲ್ 18ಕ್ಕೆ ಪೋಸ್ಟರ್ ಬೇಡ, ಒಂದು ಟೇಪು ಹಿಡಿದು ಬನ್ನಿ

ಮಾರ್ಚ್ ಶುರುವಾಯ್ತು ಅಂದ್ರೆ ಸಾಕು, ನಮ್ಮ ಕ್ಲಬ್‌ನ ವಾಟ್ಸಾಪ್ ಗ್ರೂಪಿಗೆ ಒಂದು ಪಟ್ಟಿ ಬಂದು ಬೀಳುತ್ತೆ. ಮಾರ್ಚ್ 8 ಮಹಿಳಾ ದಿನ, 22 ವಿಶ್ವ ಜಲ ದಿನ, ಆಸುಪಾಸಿನಲ್ಲೇ ಯುಗಾದಿ, ಏಪ್ರಿಲ್ 2 ಆಟಿಸಂ ಜಾಗೃತಿ ದಿನ, 14 ಅಂಬೇಡ್ಕರ್ ಜಯಂತಿ, 18 ವಿಶ್ವ ಪರಂಪರೆ ದಿನ, 22 ಭೂಮಿ ದಿನ, ಆಮೇಲೆ ಬಸವ ಜಯಂತಿ. ಪಟ್ಟಿಯ ಕೆಳಗೆ ಒಂದೇ ಪ್ರಶ್ನೆ: "ಪೋಸ್ಟರ್ ಯಾರು ಮಾಡ್ತೀರಾ?"

ಎರಡು ವರ್ಷ ಆ ಪ್ರಶ್ನೆಗೆ ಉತ್ತರ ನಾನೇ ಆಗಿದ್ದೆ. ಟೆಂಪ್ಲೇಟ್ ತೆಗಿ, ಫೋಟೋ ಬದಲಾಯಿಸು, ಕ್ಲಬ್ ಲೋಗೋ ಮೂಲೆಗೆ ಹಾಕು, ಹತ್ತು ನಿಮಿಷದ ಕೆಲಸ. ಪರಂಪರೆ ದಿನಕ್ಕೆ ಹಂಪಿಯ ಕಲ್ಲಿನ ರಥ. ಮರುವರ್ಷವೂ ಕಲ್ಲಿನ ರಥ, ಆದರೆ ಸೂರ್ಯಾಸ್ತದ್ದು. ನೂರಿಪ್ಪತ್ತು ಲೈಕು ಬಂತು ಅಂತ ಖುಷಿಪಟ್ಟಿದ್ದೂ ನಿಜ. ಈ ಸಲ ಆ ಕೆಲಸ ನಾನು ಮಾಡಲ್ಲ ಅಂದೆ. ಯಾಕೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರೆದುಬಿಡ್ತೀನಿ.

ನಮ್ಮೂರು ತುಮಕೂರು ಕಡೆ. ಊರ ಮುಂದೆ ಒಂದು ಕೆರೆ, ಕೆರೆಗೆ ಒಂದು ಹಳೇ ಕಲ್ಲಿನ ತೂಬು. ನೋಡಿರದವರಿಗೆ ಹೇಳಬೇಕು ಅಂದ್ರೆ, ಏರಿಯ ಒಳಮಗ್ಗುಲಲ್ಲಿ, ನೀರಿನೊಳಗೆ, ಎರಡು ಉದ್ದನೆಯ ಕಲ್ಲುಕಂಬ ನಿಂತಿರುತ್ತವೆ. ಅವಕ್ಕೆ ಅಡ್ಡಲಾಗಿ ತೂತು ಕೊರೆದ ಕಲ್ಲುಹಾಸುಗಳು. ಆ ತೂತುಗಳ ಮೂಲಕ ಒಂದು ಮರದ ಗಳ ಕೆಳಗಿಳಿದು, ತಳದಲ್ಲಿರೋ ಕಂಡಿಯನ್ನು ಬಿರಡೆಯ ಹಾಗೆ ಮುಚ್ಚಿರುತ್ತೆ. ಗಳ ಎತ್ತಿದರೆ ಏರಿಯ ಕೆಳಗಿನ ಕಲ್ಲು ಕಾಲುವೆಯಲ್ಲಿ ನೀರು ಹರಿದು ಆಚೆಯ ಗದ್ದೆಗೆ ಹೋಗುತ್ತೆ. ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅನ್ನೋದು ನೀರುಗಂಟಿಯ ಕೈಲಿ. ನಮ್ಮ ತಾತನ ಕಾಲದವರೆಗೂ ಅದು ಕೆಲಸ ಮಾಡ್ತಿತ್ತು.

ಎರಡು ವರ್ಷದ ಹಿಂದೆ ಯುಗಾದಿ ರಜೆಗೆ ಊರಿಗೆ ಹೋಗಿದ್ದೆ. ಕೆರೆ ಬತ್ತಿ, ತೂಬು ಬುಡದವರೆಗೂ ಕಾಣ್ತಿತ್ತು. ಹೂಳು ತೆಗೆಯೋ ಕೆಲಸ ಶುರುವಾಗಿತ್ತು, ಜೆಸಿಬಿ ಓಡಾಡ್ತಿತ್ತು. ತಾತ "ಒಂದ್ಸಲ ಹೋಗಿ ನೋಡ್ಕೊಂಡ್ ಬಾ ಮಗ, ತೂಬಿನ ಹತ್ರ ಅಗೀತಾವ್ರೆ" ಅಂದರು. "ಆಯ್ತು ತಾತ, ಸಂಜೆ ಹೋಗ್ತೀನಿ" ಅಂದೆ. ಆಗ ನಾನು ಜಗಲಿ ಮೇಲೆ ಕೂತು ಫೋನಿನಲ್ಲಿ ಏನು ಮಾಡ್ತಿದ್ದೆ ಗೊತ್ತಾ? ವಿಶ್ವ ಪರಂಪರೆ ದಿನದ ಪೋಸ್ಟರ್. ಕಲ್ಲಿನ ರಥದ ಮೇಲೆ ಅಕ್ಷರ ಹಳದಿ ಇರಲೋ ಬಿಳಿ ಇರಲೋ ಅಂತ ಯೋಚಿಸ್ತಿದ್ದೆ.

ಸಂಜೆ ಹೋಗಲಿಲ್ಲ. ಮರುದಿನ ಹೋದಾಗ ಎರಡೂ ಕಂಬ ಏರಿ ಪಕ್ಕದಲ್ಲಿ ಮಲಗಿದ್ದವು, ಒಂದು ಮುರಿದಿತ್ತು. ತೂಬಿದ್ದ ಜಾಗ ಗುಂಡಿಯಾಗಿತ್ತು. ಕೆಲಸದವರನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬಹುದಾಗಿದ್ದವನು, ಆ ಊರಿನಿಂದ ಸಿವಿಲ್ ಓದೋಕೆ ಹೋದವನು ಜಗಲಿ ಮೇಲಿದ್ದ. ಅದೇ ವರ್ಷ ಸರ್ವೆ ಕ್ಯಾಂಪಿನಲ್ಲಿ ಟೋಟಲ್ ಸ್ಟೇಷನ್ ಹಿಡಿದು ಯಾವುದೋ ಖಾಲಿ ಗುಡ್ಡ ಅಳೆದು ಒಳ್ಳೇ ಮಾರ್ಕ್ಸ್ ತಗೊಂಡಿದ್ದೆ. ನಮ್ಮೂರ ತೂಬನ್ನ ಒಂದು ಟೇಪಿನಿಂದಲೂ ಅಳೆದಿರಲಿಲ್ಲ.

ಈಗ ಆ ದಿನದ ಬಗ್ಗೆ ಎರಡು ಮಾತು. ಏಪ್ರಿಲ್ 18ನ್ನು ಸ್ಮಾರಕಗಳ ದಿನವಾಗಿ ಆಚರಿಸೋಣ ಅಂತ 1982ರಲ್ಲಿ ಸೂಚಿಸಿದ್ದು ಇಕೊಮೊಸ್ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ. ಮರುವರ್ಷ ಯುನೆಸ್ಕೊ ಒಪ್ಪಿಗೆ ಕೊಟ್ಟಿತು. ಅದರ ಪೂರ್ತಿ ಹೆಸರಲ್ಲೇ ಸ್ಮಾರಕಗಳ ಜೊತೆಗೆ 'ತಾಣಗಳು' ಅನ್ನೋ ಮಾತೂ ಇದೆ. ಅಂದ್ರೆ ಗುಡಿ ಗೋಪುರ ಅಷ್ಟೇ ಅಲ್ಲ. ಆದರೆ ನಮ್ಮ ತಲೇಲಿ ಪರಂಪರೆ ಅಂದ್ರೆ ಟಿಕೆಟ್ ಕೌಂಟರ್ ಇರೋ ಜಾಗ. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹೆಮ್ಮೆಯ ವಿಷಯವೇ. ಆದರೆ ಅವನ್ನ ನೋಡಿಕೊಳ್ಳೋಕೆ ಇಲಾಖೆ ಇದೆ, ಕಾವಲುಗಾರರಿದ್ದಾರೆ, ಕಾನೂನಿದೆ. ನಮ್ಮ ಪೋಸ್ಟರ್‌ನಿಂದ ಕಲ್ಲಿನ ರಥಕ್ಕೆ ಆಗಬೇಕಾದ್ದು ಏನೂ ಇಲ್ಲ.

ಪಟ್ಟಿಯಲ್ಲಿ ಇಲ್ಲದ್ದರ ಕಥೆ ಬೇರೆ. 1958ರ ಕೇಂದ್ರ ಕಾನೂನು, 1961ರ ನಮ್ಮ ರಾಜ್ಯದ ಕಾನೂನು, ಎರಡೂ ಕಾಯೋದು ಸಂರಕ್ಷಿತ ಅಂತ ಘೋಷಣೆಯಾದ ಸ್ಮಾರಕಗಳನ್ನ. ಕರ್ನಾಟಕದಲ್ಲಿ 30,000ಕ್ಕೂ ಹೆಚ್ಚು ಕೆರೆಗಳಿವೆ. ಅವುಗಳ ತೂಬು, ಕೋಡಿ, ಮೆಟ್ಟಿಲು, ಏರಿ ಮೇಲಿನ ವೀರಗಲ್ಲು, ಊರೊಳಗಿನ ಕಲ್ಯಾಣಿ, ಹಳೇ ಸೇತುವೆ ಇವೆಲ್ಲ ಯಾವ ಪಟ್ಟಿಯಲ್ಲಿ ಬರುತ್ತವೆ? ಬಹುತೇಕ ಯಾವುದರಲ್ಲೂ ಇಲ್ಲ. ಅವಕ್ಕೆ ಇರೋದು ಊರವರ ನೆನಪು ಮಾತ್ರ. ಆ ನೆನಪಿಗೆ ಈಗ ಎಂಬತ್ತು ವರ್ಷ ವಯಸ್ಸಾಗಿದೆ.

ಇನ್ನೊಂದು ವಿಷಯ. ಇದು ಇತಿಹಾಸದವರ ಕೆಲಸ, ನಮ್ಮದಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದೀವಿ. ಹಾಗಾದ್ರೆ ಪೋರುಮಾಮಿಳ್ಳ ಶಾಸನದ ಬಗ್ಗೆ ಕೇಳಿ. ಇವತ್ತಿನ ಆಂಧ್ರದ ಕಡಪ ಜಿಲ್ಲೆಯಲ್ಲಿರೋ ಆ ಕೆರೆಯನ್ನ ಕಟ್ಟಿಸಿದ್ದು ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ. 1369ರ ಶಾಸನ. ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಸಾಧನಗಳು, ಕೆರೆಗೆ ಬರಬಾರದ ಆರು ದೋಷಗಳು ಅಂತ ಅದರಲ್ಲಿ ಲೆಕ್ಕ ಹಾಕಿ ಬರೆದಿದ್ದಾರೆ. ಏರಿಯಿಂದ ನೀರು ಜಿನುಗೋದು ದೋಷ, ಚೌಳು ಮಣ್ಣು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟೋದು ದೋಷ, ನೀರು ಕಮ್ಮಿ ಇದ್ದು ಜಮೀನು ಜಾಸ್ತಿ ಇರೋದೂ ದೋಷ! ಸಾವಿರ ಆಳು, ನೂರು ಗಾಡಿ, ಎರಡು ವರ್ಷ ದುಡಿದರು ಅಂತಲೂ ಇದೆ. ಇದನ್ನ ಓದಿದಾಗ ನನಗನ್ನಿಸಿದ್ದು, ಇದು ಕಲ್ಲಿನ ಮೇಲೆ ಕೊರೆದ ಡಿಪಿಆರ್ ಅಂತ. ಗಡಿಯ ದೋಷ ಎಷ್ಟು ನಿಜ ಅಂತ ಕಾವೇರಿ ಸುದ್ದಿ ಓದೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲೆಕ್ಟ್ರಿಕಲ್‌ನವರೂ ಆಚೆ ನಿಲ್ಲೋ ಹಾಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟದ್ದು ನಿಮ್ಮ ಪರಂಪರೆ. ಹಂಪಿಯಲ್ಲೂ ರಥ ಬಿಟ್ಟು ಸ್ವಲ್ಪ ಆಚೆ ನೋಡಿದರೆ, ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿದು ಬಾಳೆ, ಭತ್ತ ಬೆಳೀತಿದೆ. ಅದರ ಫೋಟೋ ಯಾವ ಪೋಸ್ಟರ್‌ನಲ್ಲೂ ನಾನು ನೋಡಿಲ್ಲ.

"ಹಾಗಂತ ಹಳೇದನ್ನೆಲ್ಲ ಉಳಿಸಿಕೊಂಡು ಕೂತ್ರೆ ಅಭಿವೃದ್ಧಿ ಹೇಗೆ?" ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಮ್ಮೂರ ಕೆರೆಯ ಹೂಳು ತೆಗೆಯಲೇಬೇಕಿತ್ತು, ಅದರಿಂದ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ. ಹಂಪಿಯ ವಿಷಯಾನೇ ತಗೊಳ್ಳಿ. ಹರಿಗೋಲಿನಲ್ಲಿ ತುಂಗಭದ್ರೆ ದಾಟುತ್ತಿದ್ದ ಆನೆಗೊಂದಿ ಜನಕ್ಕೆ ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾರಂಪರಿಕ ತಾಣದ ನಡುವೆಯೇ ಸೇತುವೆ ಕೆಲಸ ಶುರುವಾಗಿ, 1999ರಲ್ಲಿ ಹಂಪಿ ಯುನೆಸ್ಕೊದ 'ಅಪಾಯದಲ್ಲಿರುವ ತಾಣಗಳ' ಪಟ್ಟಿಗೆ ಬಿತ್ತು. ಹೊರಗೆ ಬಂದದ್ದು 2006ರಲ್ಲಿ. ವರ್ಷಗಟ್ಟಲೆ ನಿಂತು ಮತ್ತೆ ಶುರುವಾದ ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕುಸಿತಕ್ಕೆ ಪರಂಪರೆ ಕಾರಣ ಅಂತ ನಾನು ಹೇಳ್ತಿಲ್ಲ. ಜಾಗ ಆರಿಸೋ ಮೊದಲೇ ಅಲ್ಲಿ ಏನಿದೆ ಅಂತ ಕೂತು ನೋಡಿದ್ದರೆ ಇಷ್ಟು ವರ್ಷ ಜಗಳದಲ್ಲಿ ಹೋಗುತ್ತಿರಲಿಲ್ಲ, ಆನೆಗೊಂದಿಯವರು ಕಾಯಬೇಕಿರಲಿಲ್ಲ ಅನ್ನೋದಷ್ಟೇ ನನ್ನ ಮಾತು. ಇನ್ನು ನಾಲ್ಕೈದು ವರ್ಷಕ್ಕೆ ಇಂಥ ನಕ್ಷೆಗಳ ಮೇಲೆ ಸಹಿ ಹಾಕೋರು ನಾವೇ ಅಲ್ವಾ?

ಎಲ್ಲವನ್ನೂ ಉಳಿಸೋಕೆ ಆಗಲ್ಲ ಅನ್ನೋದನ್ನ ನಾನೂ ಒಪ್ಪುತ್ತೀನಿ. ಆದರೆ ಎಲ್ಲವನ್ನೂ ದಾಖಲಿಸೋಕೆ ಆಗುತ್ತೆ. ನೂರು ವರ್ಷಕ್ಕೂ ಹಿಂದೆ ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ಕ್ಕಾಗಿ ಊರೂರಿನ ಶಾಸನಗಳನ್ನ ದಾಖಲಿಸಿದರು. ಅದರಲ್ಲಿ ಬೆಂಗಳೂರಿನ ಎಷ್ಟೋ ಕಲ್ಲುಗಳು ಇವತ್ತು ಇಲ್ಲ, ರಸ್ತೆ ಬಡಾವಣೆ ಅಡಿ ಹೋಗಿವೆ. ಆದರೂ ಅವುಗಳ ಮಾತು ಪುಸ್ತಕದಲ್ಲಿ ಉಳಿದಿದೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಉಳಿದ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿಸ್ತಿದೆ. ಸ್ಕ್ಯಾನರು, ಸಾಫ್ಟ್‌ವೇರು, ಡೇಟಾ. ಇದು ನಮ್ಮ ಭಾಷೆ ಅಲ್ವಾ?

ಅದಕ್ಕೇ ನನ್ನ ಪ್ರಸ್ತಾವ ಚಿಕ್ಕದು. ಈ ಏಪ್ರಿಲ್ 18ಕ್ಕೆ ಕ್ಲಬ್ಬಿನಿಂದ ಪೋಸ್ಟರ್ ಬೇಡ. ಆರು ಜನರ ಒಂದೊಂದು ತಂಡ, ಒಂದು ಮಧ್ಯಾಹ್ನ, ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರೋ ದೂರದಲ್ಲಿರೋ ಒಂದು ಕಟ್ಟಡ. ತೂಬೋ, ಕಲ್ಯಾಣಿಯೋ, ಹಳೇ ಸೇತುವೆಯೋ, ಏನಾದರೂ ಸರಿ. ಸಿವಿಲ್‌ನವರು ಅಳೆದು ನಕ್ಷೆ ಬರೀಲಿ. ಕಂಪ್ಯೂಟರ್ ಸೈನ್ಸ್‌ನವರು ಮೊಬೈಲಿನಲ್ಲಿ ಸುತ್ತಲೂ ಫೋಟೋ ತೆಗೀಲಿ. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಬರಬೇಕು, ಪಕ್ಕದಲ್ಲಿ ಅಳತೆ ಗೊತ್ತಿರೋ ಒಂದು ಕೋಲು ಇಟ್ಟಿರಬೇಕು. ಮೆಶ್‌ರೂಮ್ ಥರದ ಉಚಿತ ಸಾಫ್ಟ್‌ವೇರಿಗೆ ಹಾಕಿದರೆ ತ್ರೀಡಿ ಮಾದರಿ ಸಿಗುತ್ತೆ. ಫೋಟೋ ವಿಕಿಮೀಡಿಯ ಕಾಮನ್ಸ್‌ಗೆ, ಜಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ. ಮುಂದೊಂದು ದಿನ ಅಲ್ಲಿ ಜೆಸಿಬಿ ಬಂದರೆ, ಗ್ರಾಮ ಪಂಚಾಯಿತಿಗೆ ತೋರಿಸೋಕೆ ಕೈಯಲ್ಲಿ ಒಂದು ಕಾಗದ ಇರುತ್ತೆ.

ಕನ್ನಡ ಕ್ಲಬ್ಬಿನವರಿಗೇನು ಕೆಲಸ ಅಂತೀರಾ? ಅತಿ ಮುಖ್ಯವಾದ ಕೆಲಸ ನಮ್ಮದೇ. ಊರಿನ ಹಿರಿಯರ ಪಕ್ಕ ಕೂತು ಮಾತು ರೆಕಾರ್ಡ್ ಮಾಡೋದು. ತೂಬು, ಕೋಡಿ, ಏರಿ, ಅಚ್ಚುಕಟ್ಟು, ನೀರುಗಂಟಿ, ಈ ಮಾತುಗಳು ಪುಸ್ತಕದಿಂದ ಬಂದವಲ್ಲ, ಕೆಲಸದಿಂದ ಬಂದವು. ವಸ್ತು ಹೋದರೆ ಮಾತೂ ಹೋಗುತ್ತೆ. ನವೆಂಬರ್‌ನಲ್ಲಿ ಕನ್ನಡ ಉಳಿಸಿ ಅಂತ ಭಾಷಣ ಮಾಡೋದಕ್ಕಿಂತ ಏಪ್ರಿಲ್‌ನಲ್ಲಿ ಒಬ್ಬ ಅಜ್ಜಿಯ ಮಾತು ಹದಿನೈದು ನಿಮಿಷ ಕೇಳಿಸಿಕೊಳ್ಳೋದು ಹೆಚ್ಚು ಅಂತ ನನಗನ್ನಿಸುತ್ತೆ.

ಒಂದೆರಡು ಎಚ್ಚರಿಕೆ. ಊರವರನ್ನ ಕೇಳದೆ ಯಾವುದನ್ನೂ ಮುಟ್ಟಬೇಡಿ. ಅಕ್ಷರ ಕಾಣಲಿ ಅಂತ ಶಾಸನದ ಮೇಲೆ ಸೀಮೆಸುಣ್ಣ, ಬಣ್ಣ ಬಳಿಯಬೇಡಿ. ರೀಲ್ಸ್‌ಗೋಸ್ಕರ ಕಂಬ ಹತ್ತಬೇಡಿ. ಕೆರೆಯಲ್ಲಿ ಒಂದಡಿ ನೀರಿದ್ದರೂ ಇಳಿಯಬೇಡಿ, ಹೂಳಿನಲ್ಲಿ ಕಾಲು ಸಿಕ್ಕಿಕೊಂಡ್ರೆ ಈಜು ಬಂದ್ರೂ ಉಪಯೋಗಕ್ಕೆ ಬರಲ್ಲ.

ಏಪ್ರಿಲ್‌ನಲ್ಲಿ ಇಂಟರ್ನಲ್ಸ್ ಇರುತ್ತೆ, ಗೊತ್ತು. ಆದರೆ ಕೆರೆ ಬತ್ತಿ ತೂಬು ಬುಡದವರೆಗೂ ಕಾಣೋದು ಬೇಸಿಗೆಯಲ್ಲೇ. ಮಳೆ ಬಂದು ಕೆರೆ ತುಂಬಿದರೆ ಮುಂದಿನ ವರ್ಷದವರೆಗೂ ಕಾಯಬೇಕು. ಮುಂದಿನ ವರ್ಷ ಅದು ಅಲ್ಲೇ ಇರುತ್ತೆ ಅಂತ ನಾನಂತೂ ಹೇಳಲಾರೆ.

ನಮ್ಮೂರ ತೂಬಿನ ಫೋಟೋ ಈಗ ಇರೋದು ಒಂದೇ. ನಮ್ಮ ಅತ್ತೆಯ ಮದುವೆ ಆಲ್ಬಮ್‌ನಲ್ಲಿ, ಗಂಗೆ ಪೂಜೆ ಮಾಡುವಾಗ ತೆಗೆದದ್ದು. ಅತ್ತೆಯ ಹಿಂದೆ ನೀರಿನಲ್ಲಿ ಎರಡು ಕಂಬ ಮಸುಕಾಗಿ ಕಾಣುತ್ತವೆ. ಅತ್ತೆಯ ಎತ್ತರ ಇಟ್ಟುಕೊಂಡು ಕಂಬದ ಎತ್ತರ ಲೆಕ್ಕ ಹಾಕೋಕೆ ಹೋದೆ. ನೀರಿನ ಮೇಲೆ ಕಾಣೋ ಭಾಗ ಸುಮಾರು ಎಂಟು ಅಡಿ ಅಂತ ಬಂತು. ಆದರೆ ಆ ತೂಬು ಎಷ್ಟು ನೀರು ಬಿಡುತ್ತಿತ್ತು ಅಂತ ಗೊತ್ತಾಗಬೇಕಾದ್ರೆ ಬೇಕಾದದ್ದು ಕಂಬದ ಎತ್ತರ ಅಲ್ಲ, ತಳದಲ್ಲಿದ್ದ ಕಂಡಿಯ ಅಗಲ. ಅದು ಫೋಟೋದಲ್ಲಿ ನೀರಿನ ಕೆಳಗಿದೆ. ತಾತನನ್ನ ಕೇಳಿದೆ. ಅವರು ಎರಡೂ ಕೈ ಮುಂದೆ ಹಿಡಿದು "ಇಷ್ಟಿತ್ತು ಕಣ್ ಮಗ" ಅಂದರು.

ಆ ಕೈಗಳ ನಡುವೆ ಟೇಪು ಹಿಡಿದು ಅಳೆದುಕೊಂಡೆ. ಒಂಬತ್ತು ಇಂಚು. ನಮ್ಮೂರ ತೂಬಿನ ಬಗ್ಗೆ ಇರೋ ಒಂದೇ ದಾಖಲೆ ಅದು.