ದೂರದ ಬೆಟ್ಟಕ್ಕೆ ಏಳು ದಿನ

"ದೂರದ ಬೆಟ್ಟ ನುಣ್ಣಗೆ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಮ್ಮ ಶಾಲೆಯ ಕನ್ನಡ ಪಂಡಿತರು ಪ್ರತಿವರ್ಷವೂ ಪರೀಕ್ಷೆಯಲ್ಲಿ ಪ್ರಶ್ನೆ ಕೊಡುತ್ತಿದ್ದರು. ನಾನು ವಿಜ್ಞಾನದ ಮೇಷ್ಟ್ರಾದುದರಿಂದ ಆ ಉತ್ತರಪತ್ರಿಕೆಗಳನ್ನು ತಿದ್ದುವ ಯೋಗ ನನಗೆ ಬರಲಿಲ್ಲ. ನಿವೃತ್ತನಾದ ಮೇಲೆ, ಅದೂ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಕುಳಿತು, ಆ ಗಾದೆಯನ್ನು ನಾನೇ ವಿಸ್ತರಿಸಬೇಕಾದ ಪ್ರಸಂಗ ಈಚೆಗೆ ಒದಗಿತು.

ಸಂಗತಿ ಇಷ್ಟು. ದಾವಣಗೆರೆ ಹರಿಹರಗಳ ನಾವು ಎಂಟು ಮಂದಿ, ಬಹುತೇಕ ಅರವತ್ತು ದಾಟಿದವರು, ಬರುವ ಜೂನ್ ತಿಂಗಳಲ್ಲಿ ಲಡಾಖ್ ನೋಡಿ ಬರಬೇಕೆಂದು ಸಂಕಲ್ಪ ಮಾಡಿದ್ದೇವೆ. ದೆಹಲಿಯವರೆಗಿನ ಹೋಗಿಬರುವ ಪ್ರಯಾಣ ಬಿಟ್ಟು ಲಡಾಖ್‌ನಲ್ಲಿ ಏಳು ದಿನ. ಸಂಜೆಯ ವೇಳೆ ನಮ್ಮ ಸಭೆ ಸೇರುವುದು ಮಂಡಿಪೇಟೆಯ ನನ್ನ ನಲವತ್ತು ವರ್ಷದ ಗೆಳೆಯರೊಬ್ಬರ ಅಂಗಡಿಯಲ್ಲಿ. ಅವರನ್ನು ನಾವೆಲ್ಲ ಸಾವ್ಕಾರ್ರು ಎಂದೇ ಕರೆಯುವುದು. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಮುಗಿದ ಮೇಲೆ ಪ್ರವಾಸ ಸಂಸ್ಥೆಯೊಂದರಿಂದ ಬಂದ ಪಟ್ಟಿಯನ್ನು ಅವರು ಗಟ್ಟಿಯಾಗಿ ಓದಿದರು. ಮೊದಲ ದಿನ ಬೆಳಿಗ್ಗೆ ವಿಮಾನದಲ್ಲಿ ಲೇಹ್, ಮಧ್ಯಾಹ್ನವೇ ಊರು ನೋಡುವುದು. ಎರಡನೆಯ ದಿನ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆ. ಮೂರನೆಯ ದಿನ ಅಲ್ಲಿಂದ ನೇರವಾಗಿ ಪ್ಯಾಂಗಾಂಗ್ ಸರೋವರ. ನಾಲ್ಕರಂದು ತ್ಸೋ ಮೊರಿರಿ ಸರೋವರ. ಹೀಗೆ ಏಳನೆಯ ದಿನದವರೆಗೂ ಒಂದು ಗಳಿಗೆ ಬಿಡುವಿಲ್ಲ. ಕೇಳಿದವರೆಲ್ಲ ತಲೆದೂಗಿದರು. ಕೊಡುವ ಹಣಕ್ಕೆ ಇಷ್ಟು ಜಾಗಗಳು ಸಿಕ್ಕುವುದಾದರೆ ಲಾಭದ ವ್ಯಾಪಾರವೇ ಸರಿ.

ನಾನು ಮಾತ್ರ ಮೊದಲ ಎರಡು ದಿನ ಲೇಹ್‌ನಲ್ಲಿ ಏನೂ ಮಾಡದೆ ಇರಬೇಕು ಎಂದೆ.

"ರೊಕ್ಕ ಕೊಟ್ಟು ಅಷ್ಟು ದೂರ ಹೋಗಿ ರೂಮ್‌ನಾಗೆ ಮಲಗಬೇಕೇನ್ರೀ ಮೇಷ್ಟ್ರೇ?" ಎಂದರು ಸಾವ್ಕಾರ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಮಾತಿನ ಹಿಂದೆ ಹಳೆಯದೊಂದು ತಪ್ಪಿತ್ತು. ಅದನ್ನು ಅಂದು ಅವರಿಗೆ ಹೇಳಿದೆ, ಇಂದು ಓದುಗರಿಗೂ ಹೇಳುತ್ತೇನೆ.

2008ರ ಬೇಸಿಗೆ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಮನಾಲಿಗೆ ಹೋಗಿದ್ದೆವು. ಆಗ ಅಟಲ್ ಸುರಂಗ ಇರಲಿಲ್ಲ. ಹಿಮ ನೋಡಬೇಕೆಂದರೆ ರೋಹ್ತಾಂಗ್ ಕಣಿವೆದಾರಿಗೇ ಏರಬೇಕಿತ್ತು. ಸುಮಾರು 2,050 ಮೀಟರ್ ಎತ್ತರದ ಮನಾಲಿಯಿಂದ 3,978 ಮೀಟರಿನ ರೋಹ್ತಾಂಗ್‌ಗೆ ಒಂದೇ ಬೆಳಗಿನಲ್ಲಿ ಹೋದೆವು. ದಾರಿಯಲ್ಲೇ ನಮ್ಮ ಮನೆಯವರು ತಲೆನೋವು ಎಂದರು, ವಾಂತಿಯಾಯಿತು. ನಾನು ಅದನ್ನು ತಿರುವುದಾರಿಯ ವಾಂತಿ ಎಂದು ತಿಳಿದು, ಬಾಯಿಗೆ ನಿಂಬೆಹುಳಿ ಪೆಪ್ಪರಮೆಂಟು ಕೊಟ್ಟು, "ಇಷ್ಟು ದೂರ ಬಂದು ಮೇಲೆ ಹೋಗದಿದ್ದರೆ ಹೇಗೆ?" ಎಂದು ಮೇಲಕ್ಕೇ ಕರೆದುಕೊಂಡು ಹೋದೆ. ಅವರು ಹಿಮದ ಮೇಲೆ ಕುಳಿತು, ತುಟಿ ನೀಲಿಯಾಗಿ, ನಾನು ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಡತೊಡಗಿದಾಗ ಒಬ್ಬ ಸ್ಥಳೀಯ ಚಾಲಕ ನನ್ನನ್ನು ಗದರಿಸಿ ಕೆಳಗೆ ಕರೆತಂದ. ಒಂದು ಸಾವಿರ ಮೀಟರ್ ಇಳಿಯುವಷ್ಟರಲ್ಲಿ ಅವರು ಮತ್ತೆ ಮೊದಲಿನಂತಾದರು. ಆ ಚಾಲಕ ಎಷ್ಟು ಓದಿದ್ದನೋ ಕಾಣೆ. ಬಿ.ಎಡ್. ಮಾಡಿ, ವಾಯುಭಾರದ ಪಾಠವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು ನಾನು.

ಆ ಪಾಠ ಓದುಗರಿಗೂ ನೆನಪಿರಬಹುದು. ಸಮುದ್ರಮಟ್ಟದಲ್ಲಿ ವಾಯುಭಾರ ಮಾಪಕದ ಪಾದರಸ 76 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಸುಮಾರು 600 ಮೀಟರ್ ಎತ್ತರದ ನಮ್ಮ ದಾವಣಗೆರೆಯಲ್ಲಿ 71ರ ಆಸುಪಾಸು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು 50ರ ಹತ್ತಿರಕ್ಕೆ ಇಳಿಯುತ್ತದೆ. 5,359 ಮೀಟರಿನ ಖರ್ದುಂಗ್ ಲಾದಲ್ಲಿ 40ರ ಸಮೀಪಕ್ಕೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯೇ ತೆಳುವಾದುದರಿಂದ ಒಂದು ಉಸಿರಿಗೆ ಲೇಹ್‌ನಲ್ಲಿ ಸಮುದ್ರಮಟ್ಟದ ಮೂರನೆಯ ಎರಡು ಭಾಗ, ಖರ್ದುಂಗ್ ಲಾದಲ್ಲಿ ಅರ್ಧ ಮಾತ್ರ ಆಮ್ಲಜನಕ ದೊರೆಯುತ್ತದೆ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಎಷ್ಟು ಬೆಟ್ಟ ಹತ್ತಿದರೂ ಅಲ್ಲಿಯ ಅನುಭವ ನಮಗೆ ಬಾರದು.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ಮೊದಲು ಉಸಿರಾಟ ಚುರುಕಾಗುತ್ತದೆ, ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ರಕ್ತದ ಆಮ್ಲ ಕ್ಷಾರಗಳ ಸಮತೋಲ ಸರಿಪಡಿಸುತ್ತವೆ, ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಅದಕ್ಕೆ ಮೊದಲೇ ಇನ್ನೂ ಮೇಲಕ್ಕೆ ಹೋದರೆ ತಲೆನೋವು, ಹಸಿವಿಲ್ಲದಿರುವಿಕೆ, ನಿದ್ರೆ ಬಾರದಿರುವಿಕೆ ಮೊದಲಾಗುತ್ತವೆ. ಅವನ್ನೂ ಲೆಕ್ಕಿಸದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ನಮ್ಮ ಸೇನೆಯ ಪದ್ಧತಿ ಇನ್ನೂ ಕಟ್ಟುನಿಟ್ಟು. ಎತ್ತರದ ನೆಲೆಗಳಿಗೆ ಹೋಗುವ ಯೋಧರನ್ನು ಒಂಬತ್ತರಿಂದ ಹನ್ನೆರಡು ಸಾವಿರ ಅಡಿಯ ನಡುವೆ ಆರು ದಿನ, ಹದಿನೈದು ಸಾವಿರದವರೆಗೆ ಮತ್ತೆ ನಾಲ್ಕು ದಿನ, ಅದರಾಚೆಗೆ ಇನ್ನೂ ನಾಲ್ಕು ದಿನ ನಿಲ್ಲಿಸಿ ಹದಗೊಳಿಸುತ್ತಾರೆ. ಇಪ್ಪತ್ತೈದರ ಹರೆಯದ ಯೋಧನಿಗೆ ಹದಿನಾಲ್ಕು ದಿನ ಬೇಕಾದರೆ, ಮಂಡಿಪೇಟೆಯಲ್ಲಿ ಕುಳಿತು ಬಜ್ಜಿ ತಿನ್ನುವ ನಮಗೆ ಒಂದು ರಾತ್ರಿ ಸಾಕೆಂದು ಯಾವ ಧೈರ್ಯದಿಂದ ಹೇಳುವುದು?

ಇನ್ನು ಹವೆಯ ಮಾತು. 1998ರ ಆಗಸ್ಟ್‌ನಲ್ಲಿ ಕೈಲಾಸ ಮಾನಸ ಸರೋವರದ ದಾರಿಯಲ್ಲಿ ಮಾಲ್ಪಾ ಎಂಬಲ್ಲಿ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿಯವರು ಅವರಲ್ಲೊಬ್ಬರು. 2010ರ ಆಗಸ್ಟ್‌ನಲ್ಲಿ, ಮಳೆಯೇ ಅಪರೂಪವೆಂದು ಹೇಳುವ ಲೇಹ್‌ನಲ್ಲಿಯೇ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜೀವ ಹೋಯಿತು. 2024ರ ಜೂನ್ ಮೊದಲ ವಾರದ ಸುದ್ದಿಯನ್ನಂತೂ ಯಾರೂ ಮರೆತಿರಲಾರರು. ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಚಾರಣ ಹೋಗಿದ್ದ ಕರ್ನಾಟಕದ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಅಸುನೀಗಿದರು. ಬೆಟ್ಟದ ಅಭ್ಯಾಸವಿದ್ದವರೂ ಆ ತಂಡದಲ್ಲಿದ್ದರು. ಸತ್ತವರ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಆ ಮನೆಗಳ ದುಃಖ ದೊಡ್ಡದು. ಅನುಭವಿಗಳಿಗೂ ಆಕಾಶ ಅವಕಾಶ ಕೊಡದ ದಿನಗಳುಂಟು, ಅಂಥ ದಿನ ಬಂದರೆ ಸುಮ್ಮನೆ ಕುಳಿತುಕೊಳ್ಳಲು ನಮ್ಮ ಪಟ್ಟಿಯಲ್ಲಿ ಜಾಗವಿರಬೇಕು ಎಂಬಷ್ಟೇ ನಾನು ಅದರಿಂದ ತಿಳಿದುಕೊಂಡದ್ದು. ಏಳೂ ದಿನ ಭರ್ತಿಯಾಗಿರುವ ಪಟ್ಟಿಯಲ್ಲಿ ಒಂದು ದಿನ ರಸ್ತೆ ಮುಚ್ಚಿದರೆ, ಮರುದಿನ ಎರಡು ದಿನದ ದಾರಿಯನ್ನು ಒಂದೇ ದಿನ ಓಡಿಸಬೇಕಾಗುತ್ತದೆ. ಅವಸರ ಹುಟ್ಟುವುದೇ ಅಲ್ಲಿ.

ನಮ್ಮ ಕಡೆಯ ಪ್ರವಾಸದ ರೂಢಿಯೂ ಇದಕ್ಕೆ ಒಂದು ಕಾರಣ ಎನಿಸುತ್ತದೆ. ಟೆಂಪೋ ಮಾಡಿಕೊಂಡು ಎರಡು ದಿನದಲ್ಲಿ ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ ಮುಗಿಸಿ ಮೂರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವವರು ನಾವು. ಶಾಲಾ ಪ್ರವಾಸಗಳನ್ನು ನಾನೂ ಹಾಗೆಯೇ ನಡೆಸಿದ್ದೇನೆ. ಎಷ್ಟು ಊರು ನೋಡಿದೆವು ಎಂಬುದೇ ನಮಗೆ ಲೆಕ್ಕ. ಬಯಲುಸೀಮೆಯಲ್ಲಿ ಈ ಲೆಕ್ಕದಿಂದ ಆಗುವ ನಷ್ಟವೆಂದರೆ ಆಯಾಸವಷ್ಟೇ. ಹಿಮಾಲಯದಲ್ಲಿ ಅದರ ಬೆಲೆ ಬೇರೆ.

ಆದ್ದರಿಂದ ನಾನು ಹೊಸದೊಂದು ಪಟ್ಟಿ ಬರೆದೆ. ಮೊದಲ ಎರಡು ದಿನ ಲೇಹ್‌ನಲ್ಲಿ ವಿಶ್ರಾಂತಿ: ಚೆನ್ನಾಗಿ ನೀರು ಕುಡಿಯುವುದು, ಸಂಜೆ ಸಮತಟ್ಟಾದ ಬೀದಿಯಲ್ಲಿ ನಾಲ್ಕು ಹೆಜ್ಜೆ. ಮೂರನೆಯ ದಿನ ಹೆಚ್ಚು ಏರಿಲ್ಲದ ಥಿಕ್ಸೆ ಮಠ, ಸಿಂಧೂ ನದಿಯ ದಡ. ನಾಲ್ಕನೆಯ ದಿನ ಚಾಂಗ್ ಲಾ ದಾಟಿ ಪ್ಯಾಂಗಾಂಗ್. ಅದು ನೂರಮೂವತ್ತು ಕಿಲೋಮೀಟರಿಗೂ ಉದ್ದವಾದ, ಹೊರಹರಿವಿಲ್ಲದ ಉಪ್ಪುನೀರಿನ ಸರೋವರ. 2009ರ 'ತ್ರೀ ಈಡಿಯಟ್ಸ್' ಚಿತ್ರದ ಮೇಲೆ ಮಕ್ಕಳಿಗೂ ಪರಿಚಿತ. ಆದರೆ ರಾತ್ರಿ ಸರೋವರದ ದಡದ 4,250 ಮೀಟರಿನಲ್ಲಿ ಮಲಗದೆ, ನಾಲ್ಕು ಸಾವಿರ ಮೀಟರಿಗಿಂತ ತುಸು ಕೆಳಗಿರುವ ತಾಂಗ್ಸೆ ಹಳ್ಳಿಗೆ ಹಿಂದಿರುಗುವುದು. ಐದನೆಯ ದಿನ ಲೇಹ್. ಆರನೆಯ ದಿನ ಖಾಲಿ. ಏಳನೆಯ ದಿನ ವಾಪಸು.

"ಖರ್ದುಂಗ್ ಲಾ ಇಲ್ಲ, ನುಬ್ರಾ ಇಲ್ಲ, ಎರಡನೇ ಸರೋವರ ಇಲ್ಲ. ಊರಿಗೆ ಬಂದು ಏನಂತ ಹೇಳೋದು?" ಎಂದರು ಹರಿಹರದ ಗೆಳೆಯರು. ಚಾಂಗ್ ಲಾ ಕೂಡ 5,300 ಮೀಟರಿಗೆ ಮೇಲ್ಪಟ್ಟದ್ದೇ, ಆ ಎತ್ತರದ ಅನುಭವ ತಪ್ಪುವುದಿಲ್ಲ ಎಂದೆ. ಆರನೆಯ ದಿನ ಎಲ್ಲರೂ ಆರೋಗ್ಯವಾಗಿದ್ದು ರಸ್ತೆ ತೆರೆದಿದ್ದರೆ, ಲೇಹ್‌ನಿಂದ ನಲವತ್ತು ಕಿಲೋಮೀಟರಿನ ಖರ್ದುಂಗ್ ಲಾಗೆ ಹೋಗಿ ಅರ್ಧ ಗಂಟೆಯಲ್ಲಿ ಇಳಿದು ಬರಬಹುದೆಂದು ರಾಜಿಯಾಯಿತು. ಜತೆಗೆ ಒಂದು ನಿಬಂಧನೆ ಹಾಕಿಕೊಂಡೆವು: ಒಬ್ಬರಿಗೆ ತಲೆನೋವು ಬಂದರೂ ಮುಚ್ಚಿಡಬಾರದು, ಬಂದವರು ಮೇಲೆ ಹೋಗಬಾರದು, ಹೆಚ್ಚಾದರೆ ಯಾರನ್ನೂ ಕೇಳದೆ ಕೆಳಗಿಳಿಸಬೇಕು. ಹೊರಡುವ ಮುನ್ನ ಎಂಟೂ ಮಂದಿ ವೈದ್ಯರಿಗೆ ತೋರಿಸಬೇಕು. ಎತ್ತರಕ್ಕೆಂದು ಕೊಡುವ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಈ ಕೊನೆಯ ನಿಬಂಧನೆಯೇ ನಮ್ಮನ್ನು ಕಷ್ಟಕ್ಕೆ ಸಿಲುಕಿಸಿತು. ಸಾವ್ಕಾರ್ರಿಗೆ ಮೂರು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ಪರೀಕ್ಷಿಸಿದ ವೈದ್ಯರು ಬೇಡವೆಂದು ಸ್ಪಷ್ಟವಾಗಿ ಹೇಳಿದರು. ಅಂದು ಸಂಜೆ ಅಂಗಡಿಯಲ್ಲಿ ಮಾತಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಅವರು, "ಹೋದರೆ ಹೋಗಲಿ ಮೇಷ್ಟ್ರೇ, ಹಿಮಾಲಯದಾಗೆ ಪ್ರಾಣ ಹೋದರೆ ಪುಣ್ಯ" ಎಂದರು. ಈ ಮಾತನ್ನು ನಮ್ಮಲ್ಲಿ ಅನೇಕ ಹಿರಿಯರು ಆಡುವುದನ್ನು ಕೇಳಿದ್ದೇನೆ. ಆಡುವವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಒಪ್ಪಲಾರೆ. ರೋಹ್ತಾಂಗ್‌ನ ಆ ಹಿಮದ ಮೇಲೆ ನಮ್ಮ ಮನೆಯವರಿಗೆ ಏನಾದರೂ ಆಗಿದ್ದರೆ ಪುಣ್ಯ ಅವರಿಗೆ ಬರುತ್ತಿತ್ತೋ ಇಲ್ಲವೋ, ಪಾಪ ಮಾತ್ರ ನನಗೆ ಖಂಡಿತ ಅಂಟುತ್ತಿತ್ತು. "ಸಾವ್ಕಾರ್ರೇ, ನಿಮ್ಮ ಜತೆ ಬರುವ ಏಳು ಮಂದಿ ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕು?" ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ನಾಲ್ಕು ದಿನ ನನ್ನೊಡನೆ ಮಾತನ್ನೂ ಆಡಲಿಲ್ಲ. ಐದನೆಯ ದಿನ ಅವರೇ ಫೋನ್ ಮಾಡಿ, ತಮ್ಮ ಹೆಸರು ತೆಗೆದುಬಿಡಿ ಎಂದರು.

ಅಂದಿನಿಂದ ನನ್ನ ಮನಸ್ಸಿನಲ್ಲಿದ್ದದ್ದು ಗದಗ ಜಿಲ್ಲೆಯ ಮಾಗಡಿ ಕೆರೆ. ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲಕ್ಕೆ ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಲಡಾಖ್‌ನ ತ್ಸೋ ಮೊರಿರಿಯೂ ಈ ಹಕ್ಕಿಗಳು ಮರಿಮಾಡುವ ಸರೋವರವೇ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಈ ಹಕ್ಕಿಗಳ ದೇಹದೊಳಗೆ ಪುಟ್ಟ ಉಪಕರಣ ಇಟ್ಟು ಅವುಗಳ ಹಾರಾಟವನ್ನು ಅಳೆದರು. ಅವು ಒಮ್ಮೆಗೇ ಮೇಲೇರಿ ಅದೇ ಎತ್ತರದಲ್ಲಿ ಹಾರುತ್ತ ಹೋಗುವುದಿಲ್ಲವಂತೆ. ನೆಲದ ಏರಿಳಿತವನ್ನು ಅನುಸರಿಸಿ, ಕಣಿವೆ ಬಂದರೆ ಕೆಳಗಿಳಿದು, ಬೆಟ್ಟ ಬಂದರೆ ಮತ್ತೆ ಏರಿ, ಶಕ್ತಿ ಉಳಿಸಿಕೊಂಡು ಸಾಗುತ್ತವೆ. ಎತ್ತರಕ್ಕೆಂದೇ ಹುಟ್ಟಿದ ಹಕ್ಕಿಯೂ ಅಗತ್ಯಕ್ಕಿಂತ ಒಂದು ಮಾರು ಮೇಲೆ ಹಾರುವುದಿಲ್ಲ.

ಈ ಡಿಸೆಂಬರ್‌ನಲ್ಲಿ ಸಾವ್ಕಾರ್ರನ್ನು ಕರೆದುಕೊಂಡು ಎಂಟೂ ಮಂದಿ ಮಾಗಡಿ ಕೆರೆಗೆ ಹೋಗುವುದೆಂದು ನಿಶ್ಚಯವಾಗಿದೆ. ಒಂದೇ ಕೆರೆ, ಇಡೀ ದಿನ. ಬುತ್ತಿ ಅವರ ಮನೆಯದು. ಹಿಮಾಲಯಕ್ಕೆ ಹೊರಡುವ ಯೋಚನೆಯಲ್ಲಿರುವ ಓದುಗ ಮಿತ್ರರಲ್ಲಿ ನನ್ನದೊಂದೇ ವಿನಂತಿ: ದಯವಿಟ್ಟು ಹೋಗಿಬನ್ನಿ, ದೇಶ ಸುತ್ತುವುದು ಒಳ್ಳೆಯದೇ. ಆದರೆ ಪಟ್ಟಿ ಬರೆಯುವಾಗ ನೋಡುವ ಜಾಗಗಳಿಗಿಂತ ಮೊದಲು ಸುಮ್ಮನಿರುವ ದಿನಗಳನ್ನು ಬರೆದುಕೊಳ್ಳಿ. ಉಳಿದ ದಿನಗಳಲ್ಲಿ ಎಷ್ಟು ಕಂಡರೆ ಅಷ್ಟೇ ನಮ್ಮ ಪಾಲು.