ಆಟದ ಅಲೆಯೂ ದಾಸೋಹದ ಶಿಸ್ತೂ

ನಮ್ಮ ಮನೆಗಳ ಮಕ್ಕಳು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮುಂತಾದ ಆಟದ ಯಂತ್ರಗಳನ್ನು ವೈಫೈಗೆ ಜೋಡಿಸಿ ದೂರದ ಗೆಳೆಯರೊಡನೆ ಆಡುವುದನ್ನು ನಾವು ಕಾಣುತ್ತಿದ್ದೇವೆ. ‘ಆಟ ನಡುನಡುವೆ ನಿಲ್ಲುತ್ತದೆ, ಹೆಚ್ಚು ವೇಗದ ಸಂಪರ್ಕ ಕೊಡಿಸಿರಿ’ ಎಂಬುದು ಅವರ ಬೇಡಿಕೆ. ಆದರೆ ಆಟಕ್ಕೆ ವೇಗಕ್ಕಿಂತಲೂ ಮುಖ್ಯವಾದುದು ಸಂಕೇತವು ಹೋಗಿ ಮರಳಲು ಹಿಡಿಯುವ ಕಾಲ. ಅದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ.

ಆದ್ದರಿಂದ ಹಣ ತೆರುವ ಮುನ್ನ ರೂಟರನ್ನು ಮೂಲೆಯ ಕಪಾಟಿನಿಂದ ತೆಗೆದು ಮನೆಯ ನಡುವೆ ಎತ್ತರದಲ್ಲಿರಿಸಬೇಕು. 2.4 ಗಿಗಾಹರ್ಟ್ಸ್ ಅಲೆಯು ಗೋಡೆಗಳನ್ನು ದಾಟಬಲ್ಲುದು; ಆದರೆ ನೆರೆಮನೆಯ ವೈಫೈಯಿಂದಲೂ ಮೈಕ್ರೋವೇವ್ ಒಲೆಯಿಂದಲೂ ಕದಡುತ್ತದೆ. 5 ಗಿಗಾಹರ್ಟ್ಸ್ ಅಲೆಯು ವೇಗವುಳ್ಳದ್ದು, ದಪ್ಪ ಕಲ್ಲುಗೋಡೆಗೆ ಸೋಲುತ್ತದೆ. ಯಂತ್ರವು ಒಂದೇ ಕಡೆ ಇರುವುದಾದರೆ ರೂಟರಿನಿಂದ ಅದಕ್ಕೆ ತಂತಿ ಎಳೆಯುವುದೇ ಲೇಸು.

ಇಷ್ಟಾದರೂ ಸಂಪರ್ಕವು ಮನೆಗೆಲ್ಲ ಒಂದೇ. ತಮ್ಮನು ಸಂಜೆ ಹೊಸ ಆಟವನ್ನು ಇಳಿಸಿಕೊಳ್ಳತೊಡಗಿದರೆ ಅಕ್ಕನ ಆನ್‌ಲೈನ್ ಪಾಠ ತಡವರಿಸುತ್ತದೆ. ಇಳಿಸುವ ಕೆಲಸ ಎಲ್ಲರೂ ಮಲಗಿದ ಮೇಲಿರಲಿ. ಆಟದ ಅವಧಿಯನ್ನು ತಂದೆತಾಯಿಗಳು ಯಂತ್ರದಲ್ಲಿಯೇ ಗೊತ್ತುಪಡಿಸಬಹುದು. ಪಂಕ್ತಿಯ ಕೊನೆಯಲ್ಲಿ ಕುಳಿತವರಿಗೂ ಉಳಿಯುವಂತೆ ಬಡಿಸಿಕೊಳ್ಳುವುದು ದಾಸೋಹದ ಶಿಸ್ತು. ಅನ್ನಕ್ಕೆ ಸಲ್ಲುವ ಆ ಶಿಸ್ತು ಈ ಅಲೆಗೂ ಸಲ್ಲುತ್ತದೆ. ಗದರದೆ, ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಇದನ್ನು ತಿಳಿಸಿದರೆ ಆಟವೂ ಉಳಿಯುತ್ತದೆ, ಪಾಠವೂ ನಡೆಯುತ್ತದೆ.